ಲೆಕ್ಕದ ಮೇಡಂ ಉತ್ತರ: ಇಪ್ಪತ್ತಾರು ಅಂಕಿಯ ಸಂಖ್ಯೆಯನ್ನು ನಂಬುವುದು ಹೇಗೆ?

ಈ ತಿಂಗಳು ಬಂದ ಕಾಗದಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಶಕುಂತಲಾ ದೇವಿ ಹೇಳಿದ ದೊಡ್ಡ ದೊಡ್ಡ ಸಂಖ್ಯೆಗಳು! ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಈ ಸಲ ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ಶಕುಂತಲಾ ದೇವಿ 13 ಅಂಕಿಯ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ 28 ಸೆಕೆಂಡಿನಲ್ಲಿ ಗುಣಿಸಿದರು ಅಂತ ನಮ್ಮ ತಾತ ಹೇಳುತ್ತಿರುತ್ತಾರೆ. ಸಂಖ್ಯೆಗಳು 7,686,369,774,870 ಮತ್ತು 2,465,099,745,779. ಉತ್ತರ 18,947,668,177,995,426,462,773,730. ನನ್ನ ಮೊಬೈಲಿನಲ್ಲಿ ಗುಣಿಸಿದರೆ 1.8947668 ಅಂತ ಬಂದು, ಪಕ್ಕದಲ್ಲಿ ‘ಇ 25’ ಅಂತ ಇರುತ್ತದೆ. ಉಳಿದ ಅಂಕಿಗಳೆಲ್ಲ ಸರಿ ಅಂತ ನಾನು ಹೇಗೆ ನಂಬಲಿ?
— ಪಿಯುಸಿ ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ತಾತ ಹೇಳಿದ್ದು ನಿಜ ಕಣಮ್ಮ. 1980ರ ಜೂನ್ 18ರಂದು, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಇದು ನಡೆಯಿತು. ಆ ಎರಡು ಸಂಖ್ಯೆಗಳನ್ನು ಕಾಲೇಜಿನ ಕಂಪ್ಯೂಟರ್ ವಿಭಾಗದವರು ಸುಮ್ನೆ ಯಾವುದೋ ಎರಡು ಅಂತ ಆರಿಸಿಕೊಟ್ಟಿದ್ದರು. 1982ರ ಗಿನ್ನೆಸ್ ಪುಸ್ತಕದಲ್ಲಿ ಈ ದಾಖಲೆ ಬಂತು. ಅವರು ನಮ್ಮ ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದವರು. ತಂದೆ ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದರು. ಲಂಡನ್ನಿನಲ್ಲಿ ಆ ಗುಣಾಕಾರ ನಡೆದಾಗ ನಾನು ಎಂಟನೇ ಕ್ಲಾಸಿನಲ್ಲಿದ್ದೆ. ಪೇಪರಿನಲ್ಲಿ ಬಂದ ಆ ಸಂಖ್ಯೆಯನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ನಿನ್ನ ಮೊಬೈಲು ತಪ್ಪು ಹೇಳುತ್ತಿಲ್ಲ. ‘ಇ 25’ ಅಂದರೆ ಬಿಂದುವನ್ನು 25 ಸ್ಥಾನ ಬಲಕ್ಕೆ ಸರಿಸು ಅಂತ. ಅದಕ್ಕೆ ಜಾಗ ಸಾಲದೆ, ಮುಂದಿನ ಕೆಲವು ಅಂಕಿಗಳನ್ನು ಮಾತ್ರ ತೋರಿಸಿ, ಉಳಿದವನ್ನು ಬಿಟ್ಟುಬಿಡುತ್ತದೆ. ಆದರೆ ಬಿಟ್ಟುಹೋದ ಅಂಕಿಗಳನ್ನು ನೀನು ಪೆನ್ನು ಕಾಗದ ಹಿಡಿದು ಪರೀಕ್ಷೆ ಮಾಡಬಹುದು. ಇಡೀ ಗುಣಾಕಾರ ಮಾಡುವ ಅಗತ್ಯವೂ ಇಲ್ಲ.

ಮೊದಲನೆಯದು ನಮ್ಮ ಅಪ್ಪನ ಪರೀಕ್ಷೆ. ಅಪ್ಪ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಮೂಟೆ ಲೆಕ್ಕ, ತೂಕ, ದರ ಎಲ್ಲ ಕೈಯಲ್ಲೇ ಗುಣಿಸಬೇಕು. ಪ್ರತಿ ಗುಣಾಕಾರ ಮುಗಿದ ಮೇಲೂ ಅವರು ಅಂಕಿಗಳನ್ನು ಕೂಡಿ, ಒಂಬತ್ತು ಒಂಬತ್ತಾಗಿ ತೆಗೆದು, ಉಳಿದದ್ದನ್ನು ಅಂಚಿನಲ್ಲಿ ಪುಟ್ಟದಾಗಿ ಬರೆಯುತ್ತಿದ್ದರು. ಯಾವುದೇ ಸಂಖ್ಯೆಯನ್ನು 9ರಿಂದ ಭಾಗಿಸಿದರೆ ಏನು ಉಳಿಯುತ್ತದೋ, ಅದರ ಅಂಕಿಗಳ ಮೊತ್ತವನ್ನು ಭಾಗಿಸಿದರೂ ಅದೇ ಉಳಿಯುತ್ತದೆ. 10, 100, 1000 ಎಲ್ಲವೂ 9ರ ಮಗ್ಗಿಗಿಂತ ಒಂದೇ ಒಂದು ಜಾಸ್ತಿ, ಅದಕ್ಕೇ.

ಈಗ ಹಚ್ಚಿ ನೋಡು. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಒಂಬತ್ತು ತೆಗೆದರೆ 6. ಎರಡನೆಯದರ ಮೊತ್ತ 74, ಉಳಿಯುವುದು 2. ಆರು ಎರಡಲೆ ಹನ್ನೆರಡು, ಒಂಬತ್ತು ತೆಗೆದರೆ 3. ಉತ್ತರದ 26 ಅಂಕಿಗಳ ಮೊತ್ತ 138. ಅದರಲ್ಲಿ 135 ತೆಗೆದರೆ 3. ಸರಿ ಹೋಯಿತು, ಅಲ್ವಾ?

ಆದರೆ ಇಷ್ಟಕ್ಕೇ ನಂಬಬೇಡ. ನಾನು ಹೋದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಕೂತು ಇಡೀ ಗುಣಾಕಾರವನ್ನು ಕಾಗದದ ಮೇಲೆ ಮಾಡಿದೆ. ಒಂದೊಂದು ಸಂಖ್ಯೆಯಲ್ಲಿ ಐದೈದು ತುಂಡು, ಒಟ್ಟು 25 ಪುಟ್ಟ ಗುಣಾಕಾರ. ಒಂದು ಗಂಟೆಗಿಂತ ಜಾಸ್ತಿ ಹಿಡಿಯಿತು. ಕೊನೆಗೆ ಉತ್ತರವನ್ನು ಬೇರೆ ಹಾಳೆಗೆ ಇಳಿಸುವಾಗ 426 ಬರೆಯುವ ಕಡೆ 462 ಬರೆದುಬಿಟ್ಟೆ. ಪಕ್ಕದಲ್ಲೇ ಇನ್ನೊಂದು 462 ಇದೆ ನೋಡು, ಕಣ್ಣು ಅದನ್ನೇ ಹಿಡಿಯಿತು. ಒಂಬತ್ತು ತೆಗೆದು ನೋಡಿದೆ. ಮೊತ್ತ 138. ಸರಿ ಇದೆ ಅಂತು! ಅಂಕಿಗಳು ಅವೇ, ಜಾಗ ಮಾತ್ರ ಬದಲು. ಮೊತ್ತಕ್ಕೆ ಜಾಗ ಗೊತ್ತಾಗುವುದಿಲ್ಲ. ಅಪ್ಪನಿಗೂ ಒಮ್ಮೆ ಹೀಗೇ ಆಗಿತ್ತು. 4,653 ರೂಪಾಯಿ ಇರಬೇಕಾದ ಕಡೆ 4,563 ಅಂತ ಬಿದ್ದು, 90 ರೂಪಾಯಿ ವ್ಯತ್ಯಾಸ ಹುಡುಕುತ್ತಾ ರಾತ್ರಿ ಹನ್ನೊಂದರವರೆಗೆ ಕೂತಿದ್ದರು. ನಾನು ಲಾಟೀನು ಹಿಡಿದುಕೊಂಡು ಪಕ್ಕದಲ್ಲಿದ್ದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರ ಮಗ್ಗಿಯಲ್ಲೇ ಇರುತ್ತದೆ. ಆದ್ದರಿಂದ ಒಂಬತ್ತಿನ ಪರೀಕ್ಷೆ ಅದನ್ನು ಹಿಡಿಯಲಾರದು.

ಅದನ್ನು ಹಿಡಿಯುವುದು ಇನ್ನೊಂದು ಪರೀಕ್ಷೆ. ನಾನು ಮಕ್ಕಳಿಗೆ ಇದನ್ನು ‘ಜಮಾ-ಖರ್ಚು’ ಅಂತಲೇ ಕಲಿಸುತ್ತಿದ್ದೆ. ಅಪ್ಪನ ಕಿರ್ದಿಯಲ್ಲಿ ಎಡಗಡೆ ಜಮಾ, ಬಲಗಡೆ ಖರ್ಚು ಇರುತ್ತಿದ್ದವಲ್ಲ, ಹಾಗೆ. ಲಕ್ಷ-ಕೋಟಿಯ ಅಲ್ಪವಿರಾಮ ಬಿಟ್ಟು, ನೀನು ಬರೆದಿರುವ ಹಾಗೆ ಮೂರು ಮೂರು ಅಂಕಿಗೆ ತುಂಡು ಮಾಡು. ಬಲಗಡೆಯಿಂದ ಶುರು ಮಾಡಿ ಮೊದಲ ತುಂಡು ಜಮಾಕ್ಕೆ, ಮುಂದಿನದು ಖರ್ಚಿಗೆ, ಮತ್ತೆ ಜಮಾ, ಮತ್ತೆ ಖರ್ಚು.

ಮೊದಲ ಸಂಖ್ಯೆ: ಜಮಾ 870, 369, 7, ಒಟ್ಟು 1,246. ಖರ್ಚು 774, 686, ಒಟ್ಟು 1,460. ಕೊರತೆ 214.

ಎರಡನೆಯದು: ಜಮಾ 779, 99, 2, ಒಟ್ಟು 880. ಖರ್ಚು 745, 465, ಒಟ್ಟು 1,210. ಕೊರತೆ 330.

ಎರಡು ಕೊರತೆಗಳನ್ನು ಗುಣಿಸು. ಋಣಕ್ಕೆ ಋಣ ಗುಣಿಸಿದರೆ ಧನ, ಗೊತ್ತಲ್ಲ. 214 × 330 = 70,620. ಇದನ್ನೂ ಕಿರ್ದಿಗೆ ಹಾಕು. ಜಮಾ 620, ಖರ್ಚು 70, ಉಳಿಕೆ 550.

ಈಗ ಉತ್ತರ. ಜಮಾ: 730, 462, 995, 668, 18. ಒಟ್ಟು 2,873. ಖರ್ಚು: 773, 426, 177, 947. ಒಟ್ಟು 2,323. ಉಳಿಕೆ 550!

ನನಗೆ ಪ್ರತಿ ಸಲ ಇಲ್ಲಿ ಮೈ ಜುಮ್ಮೆನ್ನುತ್ತದೆ. 426ರ ಬದಲು 462 ಬರೆದ ನನ್ನ ಹಾಳೆಯಲ್ಲಿ ಉಳಿಕೆ 514 ಬಂತು. ಅಂದರೆ 36 ಕಡಿಮೆ. 462ರಿಂದ 426 ಕಳೆದರೂ 36. ತಪ್ಪು ಆಗಿದೆ ಅನ್ನುವುದಷ್ಟೇ ಅಲ್ಲ, ಎಷ್ಟರ ತಪ್ಪು ಅನ್ನುವುದನ್ನೂ ಅದು ಹೇಳಿತು.

ಇದು ಯಾಕೆ ಹೀಗೆ ಅಂದರೆ, ಇಲ್ಲಿ ನಾವು ನೋಡುತ್ತಿರುವುದು 1,001ರಿಂದ ಭಾಗಿಸಿದಾಗ ಉಳಿಯುವ ಶೇಷ. ಸಾವಿರ ಅನ್ನುವುದು 1,001ಕ್ಕೆ ಒಂದು ಕಡಿಮೆ. ಹಾಗಾಗಿ ಸಾವಿರದ ತುಂಡು ಖರ್ಚಿಗೆ ಹೋಗುತ್ತದೆ. ಸಾವಿರದ ಸಾವಿರ, ಅಂದರೆ ಹತ್ತು ಲಕ್ಷ, ಋಣಕ್ಕೆ ಋಣ ಸೇರಿ ಮತ್ತೆ ಜಮಾ. 1,001 ಅಂದರೆ 7 × 11 × 13. ಒಂದೇ ಕಿರ್ದಿಯಲ್ಲಿ ಮೂರು ಮಗ್ಗಿಗಳ ಪರೀಕ್ಷೆ ಮುಗಿಯುತ್ತದೆ.

ಇನ್ನೆರಡು ಸುಲಭದ ಪರೀಕ್ಷೆ ಇವೆ. ಕೊನೆಯ ತುಂಡುಗಳನ್ನು ಗುಣಿಸಿದರೆ 870 × 779 = 677,730. ಕೊನೆಯ ಮೂರು ಅಂಕಿ 730, ಉತ್ತರದಲ್ಲೂ 730. ಮುಂದಿನ ಭಾಗಕ್ಕೆ 7.686 × 2.465 ಮಾಡಿದರೆ ಸುಮಾರು 18.95, ನಿನ್ನ ಮೊಬೈಲು ತೋರಿಸಿದ ಅಂಕಿಗಳೂ ಅವೇ, ಬಿಂದುವಿನ ಜಾಗ ಮಾತ್ರ ಬೇರೆ. ಯಾರೋ ಬಾಯಿಗೆ ಬಂದ 26 ಅಂಕಿ ಹೇಳಿದರು ಅಂದುಕೋ. ಒಂಬತ್ತಿನ ಪರೀಕ್ಷೆ, ಜಮಾ-ಖರ್ಚು, ಕೊನೆಯ ಮೂರು ಅಂಕಿ, ಈ ಮೂರನ್ನೂ ಅದು ದಾಟುವ ಸಾಧ್ಯತೆ 90,09,000ಕ್ಕೆ ಒಂದು. ಪೂರ್ತಿ ಖಾತ್ರಿ ಬೇಕು ಅಂದರೆ ಒಂದು ರಜಾ ದಿನ 25 ಗುಣಾಕಾರಕ್ಕೆ ಕೂತುಕೋ. ನಾನು ಎರಡನೇ ಸಲ ನಿಧಾನವಾಗಿ ಇಳಿಸಿದೆ, ಅಂಕಿಗೆ ಅಂಕಿ ಸರಿ ಬಂತು.

ಇನ್ನೂ ಒಂದು ಮಾತು. ಈ ಪರೀಕ್ಷೆ ಮಾಡುವಾಗಲೇ ಆ ಸಂಖ್ಯೆಯ ಗುಣಗಳು ಒಂದೊಂದಾಗಿ ಹೊರಗೆ ಬಂದವು, ಗಮನಿಸಿದೆಯಾ? ಅಂಕಿಗಳ ಮೊತ್ತ 138, ಹಾಗಾಗಿ 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಕೊನೆಗೆ 30 ಇದೆ, ಅಂದರೆ 2 ಮತ್ತು 5ರಿಂದ ಆಗುತ್ತದೆ, 4 ಮತ್ತು 25ರಿಂದ ಆಗುವುದಿಲ್ಲ. ಒಂದೇ ಸೊನ್ನೆಯಲ್ಲಿ ಮುಗಿಯುವುದರಿಂದ ಇದು ಯಾವ ಸಂಖ್ಯೆಯ ವರ್ಗವೂ ಅಲ್ಲ. ಉಳಿಕೆ 550, ಅದು 11ರ ಮಗ್ಗಿಯಲ್ಲಿದೆ. ಆ 11 ಎಲ್ಲಿಂದ ಬಂತು ಅಂತ ಹುಡುಕಿದರೆ, ಎರಡನೇ ಸಂಖ್ಯೆಯ ಕೊರತೆ 330, ಅಲ್ಲಿಂದ ಬಂತು. 2,465,099,745,779 ಅಂದರೆ 11 × 224,099,976,889. ಮೊದಲನೆಯದು 30 × 256,212,325,829. ಅಲ್ಲಿಗೆ ಇಡೀ ಉತ್ತರ 330ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. 2, 3, 5, 11 ನಾಲ್ಕೂ ಅದರಲ್ಲಿ ಒಂದೊಂದೇ ಸಲ ಬರುತ್ತವೆ. ಹಾಗಾಗಿ ಅದನ್ನು ಭಾಗಿಸುವ ಸಂಖ್ಯೆಗಳು ಒಟ್ಟು ಎಷ್ಟೇ ಇರಲಿ, ಆ ಎಣಿಕೆ 16ರ ಮಗ್ಗಿಯಲ್ಲೇ ಇರಬೇಕು. ಯಾಕೆ 16 ಅನ್ನುವುದನ್ನು 330ರ ಭಾಜಕಗಳನ್ನು ಬರೆದು ಎಣಿಸಿದರೆ ನಿನಗೇ ತಿಳಿಯುತ್ತದೆ.

ಪ್ರಶ್ನೆ: ಇಷ್ಟು ದೊಡ್ಡ ಸಂಖ್ಯೆಯನ್ನು ನಮ್ಮ ಭಾಷೆಯಲ್ಲಿ ಓದುವುದು ಹೇಗೆ? ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ, ಕೋಟಿ ದಾಟಿದ ಮೇಲೆ ‘ಸಾವಿರ ಕೋಟಿ, ಲಕ್ಷ ಕೋಟಿ’ ಅಂತಲೇ ಹೇಳುತ್ತಿದ್ದೆವು. ಮುಂದಕ್ಕೆ ಹೆಸರೇ ಇಲ್ಲವೇ?
— ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ

ಉತ್ತರ: ಹೆಸರುಗಳು ಇವೆ ಸರ್, ಅದೂ ನಮ್ಮ ನೆಲದಲ್ಲೇ ಬರೆದಿಟ್ಟವು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಅನ್ನುವ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ ಬರೆದರು. ಗ್ರಂಥ ಸಂಸ್ಕೃತದಲ್ಲಿದೆ. ಮೊದಲಲ್ಲೇ ನೃಪತುಂಗನನ್ನು ಹೊಗಳಿದ್ದಾರೆ. ನೃಪತುಂಗನ ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ.

ಆ ಗ್ರಂಥದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಏಕ, ದಶ, ಶತದಿಂದ ಶುರುವಾಗಿ ಕೋಟಿ, ದಶಕೋಟಿ, ಶತಕೋಟಿ ದಾಟಿ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಕೊನೆಯ ಮಹಾಕ್ಷೋಭ ಅಂದರೆ 1ರ ಮುಂದೆ 23 ಸೊನ್ನೆ. ಬೇರೆ ಗ್ರಂಥಗಳಲ್ಲಿ ಇದೇ ಹೆಸರುಗಳು ಬೇರೆ ಸ್ಥಾನಕ್ಕೆ ಬರುತ್ತವೆ, ಆದ್ದರಿಂದ ಯಾರ ಪಟ್ಟಿ ಅಂತ ಹೇಳಿಯೇ ಓದಬೇಕು.

ಶಕುಂತಲಾ ದೇವಿಯವರ ಉತ್ತರಕ್ಕೆ 26 ಅಂಕಿ. ಮಹಾವೀರಾಚಾರ್ಯರ ಪಟ್ಟಿಗಿಂತ ಎರಡು ಸ್ಥಾನ ಆಚೆ. ಹಾಗಾಗಿ ನೀವು ಬ್ಯಾಂಕಿನಲ್ಲಿ ‘ನೂರು ಕೋಟಿ’ ಅಂದ ಹಾಗೆಯೇ ಓದಬೇಕು. ನೂರ ಎಂಬತ್ತೊಂಬತ್ತು ಮಹಾಕ್ಷೋಭ, ನಾಲ್ಕು ಕ್ಷೋಭ, ಏಳು ಮಹಾಕ್ಷಿತಿ, ಆರು ಕ್ಷಿತಿ... ಹೀಗೆ. ನನ್ನ ಮೊಮ್ಮಗಳಿಗೆ ಓದಿ ಹೇಳಿದೆ. ಅವಳಿಗೆ ‘ಮಹಾಕ್ಷೋಭ’ ಎಷ್ಟು ಇಷ್ಟವಾಯಿತು ಅಂದರೆ, ಆ ವಾರ ಪೂರ್ತಿ ಎಲ್ಲವೂ ಮಹಾಕ್ಷೋಭವೇ, ತಟ್ಟೆಯಲ್ಲಿದ್ದ ಅವಲಕ್ಕಿಯೂ ಸೇರಿ.

ಅದೇ ಗ್ರಂಥದಲ್ಲಿ ಇನ್ನೊಂದು ಚೆಲುವು ಇದೆ. ಗುಣಿಸಿದರೆ ಕೊರಳ ಸರದ ಹಾಗೆ ಎರಡೂ ಕಡೆಯಿಂದ ಒಂದೇ ಥರ ಓದಿಸಿಕೊಳ್ಳುವ ಉತ್ತರಗಳು. 152207 × 73 = 11111111. 142857143 × 7 = 1000000001. 27994681 × 441 = 12345654321. ನನಗೆ ಎರಡನೆಯದು ಎಲ್ಲಕ್ಕಿಂತ ಇಷ್ಟ. 1,000,000,001 ಅನ್ನು ಮೇಲೆ ಹೇಳಿದ ಕಿರ್ದಿಗೆ ಹಾಕಿ. ಜಮಾ 1, ಖರ್ಚು 1, ಉಳಿಕೆ ಸೊನ್ನೆ. 7ರಿಂದ ಭಾಗವಾಗಲೇಬೇಕು. 11 ಮತ್ತು 13ರಿಂದಲೂ ಆಗುತ್ತದೆ. ಸುಮಾರು ಸಾವಿರದ ಇನ್ನೂರು ವರ್ಷದ ಹಿಂದೆ ಒಬ್ಬರು ಕೂತು, ಎಲ್ಲಿ ಎಷ್ಟು ಸೊನ್ನೆ ಇಟ್ಟರೆ 7ಕ್ಕೆ ಒಪ್ಪುತ್ತದೆ ಅಂತ ನೋಡಿದ್ದಾರಲ್ಲ, ಅದನ್ನು ನೆನೆದರೆ ನನಗೆ ಬಹಳ ಸಂತೋಷವಾಗುತ್ತದೆ.

ಪ್ರಶ್ನೆ: ಶಕುಂತಲಾ ದೇವಿ 201 ಅಂಕಿಯ ಸಂಖ್ಯೆಯ 23ನೇ ಮೂಲ ಹೇಳಿದರಂತೆ. ನಾನು ಆಟೋ ಓಡಿಸುತ್ತೇನೆ, ಪ್ಯಾಸೆಂಜರ್ ಒಬ್ಬರು ‘ಅದರಲ್ಲಿ ಏನೋ ಉಪಾಯ ಇದೆ’ ಅಂದರು. ಹೌದಾ?
— ಓದುಗರು, ಹುಬ್ಬಳ್ಳಿ

ಉತ್ತರ: ಅದು 1977ರಲ್ಲಿ, ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ. 50 ಸೆಕೆಂಡಿನಲ್ಲಿ ಹೇಳಿದ ಉತ್ತರ 546,372,891. ಅಂದರೆ ಈ ಸಂಖ್ಯೆಯನ್ನೇ 23 ಸಲ ಬರೆದು ಗುಣಿಸಿದರೆ ಆ 201 ಅಂಕಿ ಬರುತ್ತದೆ.

ನಿಮ್ಮ ಪ್ಯಾಸೆಂಜರ್ ಹೇಳಿದ್ದರಲ್ಲಿ ಒಂದು ಪಾಲು ನಿಜ. ಮೂಲಕ್ಕೆ ಎಷ್ಟು ಅಂಕಿ ಅಂತ ಮೊದಲೇ ಗೊತ್ತಾಗುತ್ತದೆ. 9 ಅಂಕಿಯ ಸಂಖ್ಯೆಗಳ 23ನೇ ಘಾತಕ್ಕೆ 185ರಿಂದ 207 ಅಂಕಿ ಇರುತ್ತವೆ. 201 ಅಂದರೆ 9 ಅಂಕಿಯೇ.

ಕೊನೆಯ ಅಂಕಿಯೂ ಸಿಗುತ್ತದೆ. ಯಾವುದೇ ಸಂಖ್ಯೆಯನ್ನು ಐದು ಸಲ ಗುಣಿಸಿದರೆ ಕೊನೆಯ ಅಂಕಿ ಮತ್ತೆ ಮೊದಲಿನದೇ ಬರುತ್ತದೆ. 2ರಿಂದ ನೋಡಿ: 2, 4, 8, 16, 32. ನಾಲ್ಕು ಹೆಜ್ಜೆಗೊಮ್ಮೆ ಸುತ್ತು. 23ರಲ್ಲಿ ಐದು ಸುತ್ತು ಹೋಗಿ 3 ಉಳಿಯುತ್ತದೆ, ಹಾಗಾಗಿ 23ನೇ ಘಾತದ ಕೊನೆಯ ಅಂಕಿ ಘನದ ಕೊನೆಯ ಅಂಕಿಯೇ. 1ರಿಂದ 9ರವರೆಗಿನ ಘನಗಳು 1, 8, 7, 4, 5, 6, 3, 2, 9ರಲ್ಲಿ ಮುಗಿಯುತ್ತವೆ. ಒಂದೂ ಎರಡು ಸಲ ಬರುವುದಿಲ್ಲ! ಆ 201 ಅಂಕಿಯ ಸಂಖ್ಯೆ 771ರಲ್ಲಿ ಮುಗಿಯುತ್ತದೆ. ಕೊನೆಗೆ 1, ಮೂಲದ ಕೊನೆಗೂ 1.

ಅದರ ಹಿಂದಿನ ಅಂಕಿಯನ್ನೂ ಹಿಡಿಯಬಹುದು. 21ರ ವರ್ಗ 441, ಘನ 9261. ಹತ್ತರ ಸ್ಥಾನದಲ್ಲಿ 4, ಆಮೇಲೆ 6. ಅಂದರೆ 1ರಲ್ಲಿ ಮುಗಿಯುವ ಸಂಖ್ಯೆಯನ್ನು ಎಷ್ಟು ಸಲ ಗುಣಿಸುತ್ತೀರೋ, ಹತ್ತರ ಸ್ಥಾನದ ಅಂಕಿ ಅಷ್ಟು ಪಟ್ಟಾಗುತ್ತದೆ, ಅದರ ಕೊನೆಯ ಅಂಕಿ ಅಲ್ಲಿ ನಿಲ್ಲುತ್ತದೆ. ಇಲ್ಲಿ ಹತ್ತರ ಸ್ಥಾನದಲ್ಲಿ 7 ಇದೆ. 23ರ ಮಗ್ಗಿಯಲ್ಲಿ 7ರಲ್ಲಿ ಮುಗಿಯುವುದು ಯಾವುದು? 23 ಒಂಬತ್ತಲೆ 207. ಹಾಗಾಗಿ 9. ಮೂಲ 91ರಲ್ಲಿ ಮುಗಿಯುತ್ತದೆ.

ಎರಡು ಅಂಕಿಯನ್ನು ನಾವು ಟೀ ಕುಡಿಯುತ್ತಾ ಹಿಡಿದೆವು. ಇನ್ನೂ ಏಳು ಉಳಿದಿವೆ. ಮುಂದಿನವಕ್ಕೆ ಲಾಗರಿಥಮ್, ಅಂದರೆ ಗುಣಾಕಾರವನ್ನು ಕೂಡುವ ಲೆಕ್ಕಕ್ಕೆ ಇಳಿಸುವ ಕೋಷ್ಟಕ, ಬೇಕು; ಅದನ್ನು ಪುಸ್ತಕ ನೋಡದೆ ತಲೆಯಲ್ಲೇ ಇಟ್ಟುಕೊಂಡಿರಬೇಕು. ಆದ್ದರಿಂದ ‘ಉಪಾಯ’ ಅಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಸಂಖ್ಯೆಯ ಸ್ವಭಾವ ಗೊತ್ತಿರುವುದೇ ಬೇರೆ, 50 ಸೆಕೆಂಡಿನಲ್ಲಿ ಅದನ್ನು ಬಳಸುವುದೇ ಬೇರೆ. ಮತ್ತೆ 1980ರ ಗುಣಾಕಾರಕ್ಕೆ ಇಂಥ ಒಳದಾರಿಯೂ ಇರಲಿಲ್ಲ. 26 ಅಂಕಿಯನ್ನೂ ಕಟ್ಟಲೇಬೇಕಿತ್ತು.

ಪ್ರಶ್ನೆ: ಆ 26 ಅಂಕಿಯ ಸಂಖ್ಯೆ 7ರಿಂದ ಭಾಗವಾಗುವುದಿಲ್ಲ ಅಂತ ಅಕ್ಕ ಹೇಳಿದಳು. ಭಾಗವಾಗುವ ಹಾಗೆ ಮಾಡಲು ಎಷ್ಟು ಕಳೆಯಬೇಕು?
— ಏಳನೇ ತರಗತಿ, ಶಿರಸಿ

ಉತ್ತರ: 4 ಕಳೆ, ಮರಿ. ಉಳಿಕೆ 550 ಇತ್ತಲ್ಲ, ಅದು 546 ಆಗುತ್ತದೆ. ಏಳು ಎಪ್ಪತ್ತೆಂಟಲೆ 546. ಈಗ ಅದೇ 546 ಅನ್ನು 13ರಿಂದ ಭಾಗಿಸಿ ನೋಡು. ಏನು ಬಂತು ಅಂತ ನನಗೆ ಬರೆ. ಅಕ್ಕನಿಗೆ ಮೊದಲು ಹೇಳಬೇಡ.